ಅಂಗೈ ಕೆಳಗಿನ ಅಂಗೈ

ಹೋದ ಸೋಮವಾರ ಬೆಳಿಗ್ಗೆ ಕಾಫಿ ಲೋಟ ನನ್ನ ಎಡಗೈಯಿಂದ ಬಿತ್ತು. ಜಾರಿತು ಅಂದರೆ ಸುಳ್ಳಾಗುತ್ತೆ. ಜಾರಿದರೆ ಕೈಗೆ ಗೊತ್ತಾಗುತ್ತೆ, ಅದು ಹಿಡಿಯೋಕೆ ಹೋಗುತ್ತೆ. ನನ್ನ ಕೈ ಸುಮ್ಮನೆ ಇತ್ತು. ಲೋಟ ನೆಲಕ್ಕೆ ಬಿದ್ದು, ಉರುಳಿ, ಸೋಫಾದ ಕೆಳಗೆ ಹೋಗಿ ಸದ್ದು ನಿಂತ ಮೇಲೂ ಬೆರಳುಗಳು ಲೋಟ ಹಿಡಿದ ಹಾಗೆಯೇ ಬಾಗಿಕೊಂಡಿದ್ದವು. ಮಣಿಕಟ್ಟಿನ ಮೇಲೆ ಚೆಲ್ಲಿದ ಕಾಫಿ ಹಬೆಯಾಡುತ್ತಿತ್ತು. ನನಗೆ ಬಿಸಿಯೇ ಇಲ್ಲ!

"ಅಯ್ಯೋ ಅತ್ತೆ!" ಅಂತ ಸೊಸೆ ಸುಮಾ ಅಡುಗೆಮನೆಯಿಂದ ಕಿರುಚಿದಳು. ನಾನು ಮಾತ್ರ ಆ ಕೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತ ಕೂತಿದ್ದೆ. ಇಷ್ಟು ವರ್ಷ ಜೊತೆಗಿದ್ದ ಕೈ, ಹೋಗ್ತೀನಿ ಅಂತ ಒಂದು ಮಾತೂ ಹೇಳದೆ ಹೋಯಿತಲ್ಲ ಶಿವನೇ ಅಂತ.

ಆಮೇಲೆ ಡಾಕ್ಟರು, ಸ್ಕ್ಯಾನು, ಮಾತ್ರೆ ಎಲ್ಲ ಆಯಿತು. ಅದನ್ನೆಲ್ಲ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ನನ್ನ ವಯಸ್ಸಿನವರು ತಮ್ಮ ಕಾಯಿಲೆ ಹೇಳೋಕೆ ಶುರು ಮಾಡಿದರೆ ಕೇಳುವವರಿಗೆ ಕಾಯಿಲೆ ಬರುತ್ತೆ. ನಾನು ಹೇಳಬೇಕು ಅಂತಿರುವುದು ಲೋಟ ಬಿದ್ದದ್ದಕ್ಕೂ ಸುಮಾ ಬಂದು ನನ್ನ ಕೈ ಹಿಡಿದದ್ದಕ್ಕೂ ನಡುವಿನ ಆ ಒಂದು ಗಳಿಗೆಯ ವಿಷಯ. ಆಗ ನನ್ನ ಮೂಗಿಗೆ ಕಾಫಿ ವಾಸನೆ ಬರಲಿಲ್ಲ ಮಾರಾಯರೇ, ಫಿನಾಯಿಲ್ ವಾಸನೆ ಬಂತು. ಫಿನಾಯಿಲ್ ಜೊತೆಗೆ ವಿಭೂತಿ. ಅವೆರಡೂ ಒಟ್ಟಿಗೆ ಸೇರಿದ ವಾಸನೆಯನ್ನು ನಾನು ಕಂಡದ್ದು ಒಂದೇ ಕಡೆ, ಶಿವಮೊಗ್ಗದ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ, ನಮ್ಮ ಮಾವನವರ ಮಂಚದ ಪಕ್ಕ.

ಮಾವನವರ ವಿಷಯ ಹೇಳಬೇಕಾದರೆ ಮೊದಲು ಅವರ ಪಂಚೆಯ ವಿಷಯ ಹೇಳಬೇಕು. ಅದು ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದುವೆಯಾಗಿ ಭದ್ರಾವತಿಯ ನ್ಯೂ ಟೌನಿಗೆ ಬಂದಿದ್ದೆ. ನಮ್ಮನೆಯವರು ಕಬ್ಬಿಣದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದರು. ಮಾವನವರು ಹೊಳೆ ಆಚೆಯ ಹಳ್ಳಿಯಲ್ಲಿ ಗದ್ದೆ ಮಾಡಿಸಿಕೊಂಡು ಗೌಡಿಕೆ ನಡೆಸಿದವರು, ಅತ್ತೆ ತೀರಿಕೊಂಡ ಮೇಲೆ ಮಗನ ಕ್ವಾರ್ಟರ್ಸಿಗೆ ಬಂದು ಸೇರಿದ್ದರು. ಆಳುಗಳನ್ನು ಗದರಿಸಿ ರೂಢಿಯಾದ ಗಂಟಲು. ಕ್ವಾರ್ಟರ್ಸಿನಲ್ಲಿ ಗದರಿಸಲು ಆಳುಗಳಿಲ್ಲವಲ್ಲ, ಅವರು ಕಾರ್ಖಾನೆಯ ಚಿಮಣಿಯನ್ನು ಗದರಿಸುತ್ತಿದ್ದರು. ನಾನು ಅವರ ಬಿಳಿ ಪಂಚೆಯನ್ನು ಒಗೆದು ಒಣಹಾಕಿದರೆ ಗಾಳಿ ತಿರುಗಿದ ಕೂಡಲೇ ಅದರ ಮೇಲೆ ಮಸಿ ಉದುರುತ್ತಿತ್ತು. ಮಾವನವರು ಅಂಗಳದಲ್ಲಿ ನಿಂತು, ಕತ್ತು ಮೇಲೆತ್ತಿ, "ಲೇ ಕರಿಮೂತಿ! ನಿನ್ನ ಮನೆ ಹಾಳಾಗ! ಪೂಜೆಗೆ ಉಡೋ ಬಟ್ಟೆ ಕಣೋ ಇದು!" ಅಂತ ಬೈಯುತ್ತಿದ್ದರು. ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಮಾವನ ಮುಂದೆ ಸೊಸೆ ನಗುವುದಿರಲಿ, ತಲೆ ಮೇಲಿನ ಸೆರಗು ಜಾರದ ಹಾಗೆ ನಿಲ್ಲಬೇಕಾಗಿದ್ದ ಕಾಲ ಅದು. ಊಟದ ತಟ್ಟೆ ಇಟ್ಟು ಹಿಂದಕ್ಕೆ ಸರಿದು ನಿಲ್ಲುವುದು, ಏನಾದರೂ ಬೇಕಾದರೆ ಅವರು ಗೋಡೆಗೆ ಹೇಳುವ ಹಾಗೆ ಹೇಳುವುದು, ನಾನು ಬಳೆ ಸದ್ದಿನಲ್ಲಿ ಹೂಂ ಅನ್ನುವುದು. ಈಗ ನನ್ನ ಸೊಸೆ ನನಗೇ ದಿನಕ್ಕೆ ನಾಕು ಸಲ ಬೈತಾಳೆ. ಬೈಯಲಿ ಬಿಡಿ.

ಪಂಚೆಯ ಮೇಲೆ ಅವರಿಗೆ ಅಷ್ಟು ಪ್ರೀತಿ ಯಾಕೆಂದರೆ ಅವರು ಪೂಜೆಗೆ ಅಷ್ಟು ಕಟ್ಟುನಿಟ್ಟು. ನಮ್ಮ ಲಿಂಗವಂತರಲ್ಲಿ ದೇವರು ಗುಡಿಯಲ್ಲಿ ಕೂತಿರುವುದಕ್ಕಿಂತ ಮೈಮೇಲೆ ಇರುವುದೇ ಹೆಚ್ಚು. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡಿರುತ್ತೇವೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಆ ಲಿಂಗವನ್ನು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು ಬಲಗೈಯಲ್ಲಿ ಪೂಜೆ ಮಾಡುತ್ತೇವೆ. ಮಾವನವರು ಕಾರ್ಖಾನೆಯ ಬೆಳಗಿನ ಕೂಗು ಹೊಡೆಯುವ ಮೊದಲೇ ತಣ್ಣೀರು ಸುರಿದುಕೊಂಡು ಮಣೆ ಮೇಲೆ ಕೂತಿರುತ್ತಿದ್ದರು. ಅಂಗೈಯನ್ನು ಎದೆ ಮಟ್ಟಕ್ಕೆ ಎತ್ತಿ, ಅದರಲ್ಲಿರುವ ಲಿಂಗವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆ ಕೈ ಒಂಚೂರೂ ಅಲುಗುತ್ತಿರಲಿಲ್ಲ. ಅಷ್ಟು ಹೊತ್ತು ನಾನು ಪಾತ್ರೆ ಸದ್ದು ಮಾಡುವ ಹಾಗಿರಲಿಲ್ಲ, ಒಗ್ಗರಣೆ ಹಾಕುವ ಹಾಗಿರಲಿಲ್ಲ. ಪೂಜೆಯಾಗದೆ ಅವರು ಒಂದು ತೊಟ್ಟು ನೀರೂ ಮುಟ್ಟಿದವರಲ್ಲ, ಜೀವಮಾನದಲ್ಲಿ.

ಆ ಪೂಜೆಯ ಜೊತೆಗೆ ಅವರದೊಂದು ಲೆಕ್ಕವೂ ಇತ್ತು. "ದಿನಾ ತಪ್ಪದೆ ಅವನ ಮುಂದೆ ಕೂತೋನಿಗೆ ಅವನು ಕೇಡು ಮಾಡ್ತಾನಾ? ಕಾಯಿಲೆ ಬಿದ್ದೋರು, ಕಷ್ಟ ಬಿದ್ದೋರು, ಎಲ್ಲೋ ಲೋಪ ಮಾಡಿರ್ತಾರೆ," ಅನ್ನುತ್ತಿದ್ದರು. ಇದನ್ನು ಅವರು ಯಾರ ಮನೆಗೆ ನೋಡಲು ಹೋದರೂ ಹೇಳುತ್ತಿದ್ದರು. ಹೇಳಿ ಕಾಫಿ ಕುಡಿದು ಬರುತ್ತಿದ್ದರು.

ನನಗೂ ಹೇಳಿದರು. ನನ್ನ ಮೊದಲ ಕೂಸು, ಹೆಣ್ಣು, ಇನ್ನೂ ಹಲ್ಲು ಮೂಡಿರಲಿಲ್ಲ, ಜ್ವರ ಬಂದು ಹೋಯಿತು. ಹೋದ ದಿನ ಮಾವನವರು ಬಾಗಿಲ ಆಚೆ ಕೂತು ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಎಲ್ಲೋ ಪೂಜೇಲಿ ಲೋಪ ಆಗಿದೆ. ನನ್ನದಂತೂ ಅಲ್ಲ." ನಾನು ದಂಗಾಗಿ ಹೋದೆ. ಅವರು ಕೆಟ್ಟವರಲ್ಲ, ನಂಬಿ. ಆ ಕೂಸನ್ನು ಎತ್ತಿಕೊಂಡು ಕಾರ್ಖಾನೆಯ ರೈಲು ತೋರಿಸಲು ಹೋಗುತ್ತಿದ್ದವರು ಅವರೇ. ಆದರೂ ಅಂದರು. ಅವತ್ತಿನಿಂದ ನಾನು ದೇವರ ಜೊತೆ ಮಾತು ಬಿಟ್ಟೆ. ಲಿಂಗ ಕಟ್ಟಿಕೊಳ್ಳುವುದು ಬಿಡಲಿಲ್ಲ, ಪೂಜೆಗೆ ಕೂರುವುದೂ ಬಿಡಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿಕೊಂಡು ಬಿಡುತ್ತಿದ್ದೆ. ನೀನೂ ನನ್ನ ನೋಡಬೇಡ, ನಾನೂ ನಿನ್ನ ನೋಡಲ್ಲ ಅಂತ.

ಹೀಗಿರುವಾಗ ಒಂದು ದಿನ ಹೊತ್ತು ಏರುವ ಸಮಯಕ್ಕೆ ಮಾವನವರು ಅಂಗಳದಲ್ಲಿ ಚಿಮಣಿಗೆ ಬೈಯುತ್ತಿದ್ದರು. "ಲೇ ಕರಿಮೂತಿ" ಅಂದವರು "ಕಯಿ... ಕಯಿ..." ಅಂದರು. ನಾನು ಬಾಗಿಲ ಹಿಂದೆ, ಇವತ್ತು ಏನು ಹೊಸ ಬೈಗುಳ ತೆಗೆದಿದ್ದಾರೆ ಅಂತ ನಗುತ್ತಲೇ ಇದ್ದೆ. ಸದ್ದೇ ಬರದಾಗ ಇಣುಕಿ ನೋಡಿದೆ. ಅವರು ಒಣಗಿದ ಪಂಚೆಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಬಾಯಿ ಒಂದು ಕಡೆಗೆ ಎಳೆದು, ನಿಂತ ನಿಲುವಿನಲ್ಲೇ ಎಡಕ್ಕೆ ವಾಲುತ್ತಿದ್ದರು. ನಾನು ಓಡುವಷ್ಟರಲ್ಲಿ ನೆಲದ ಮೇಲಿದ್ದರು. ಲಕ್ವ ಹೊಡೆದಿತ್ತು.

ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಬಾಡಿಗೆ ಮೋಟಾರಿನಲ್ಲಿ ಸಾಗಿಸಿದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಇವರಿಗೆ ಹೇಗೆ? ಒಂದು ದಿನವೂ ಪೂಜೆ ತಪ್ಪಿಸದ ಇವರಿಗೆ ಹೇಗೆ? ಅವರ ಲೆಕ್ಕ ಸುಳ್ಳಾಯಿತು ಅಂತ ಖುಷಿಪಡಬೇಕಾಗಿತ್ತು ನಾನು. ಖುಷಿ ಎಲ್ಲಿಂದ ಬರುತ್ತೆ? ಆ ಲೆಕ್ಕ ನನಗೆ ಆಗುತ್ತಿರಲಿಲ್ಲ ನಿಜ, ಆದರೆ ಎಲ್ಲೋ ಒಂದು ಕಡೆ ನಾನೂ ಅದನ್ನು ನಂಬಿದ್ದೆ ಅಂತ ಅವತ್ತು ಗೊತ್ತಾಯಿತು.

ವಾರ್ಡಿನಲ್ಲಿ ಅವರ ಪಕ್ಕದ ಮಂಚದಲ್ಲಿ ಮದಾರ್ ಸಾಹೇಬರು ಅಂತ ಒಬ್ಬ ಮುದುಕರಿದ್ದರು. ಶಿವಮೊಗ್ಗ ಪೇಟೆಯಲ್ಲಿ ಜಟಕಾ ಓಡಿಸುತ್ತಿದ್ದವರು. ಗಾಡಿ ಮಗುಚಿ ಸೊಂಟದ ಮೂಳೆ ಮುರಿದಿತ್ತು. ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು, ಆ ಕಡೆ ಈ ಕಡೆ ಹೊರಳುವ ಹಾಗಿರಲಿಲ್ಲ. ಅವರ ದಿಂಬಿನ ಪಕ್ಕ ಒಂದು ಇಟ್ಟಿಗೆ ಇರುತ್ತಿತ್ತು. ನಮಾಜಿನ ಹೊತ್ತಿಗೆ ಆ ಇಟ್ಟಿಗೆ ಮೇಲೆ ಎರಡೂ ಕೈ ಆಡಿಸಿ, ಮುಖಕ್ಕೆ, ಕೈಗೆ ಸವರಿಕೊಂಡು, ಮಲಗಿದಲ್ಲೇ ತುಟಿ ಅಲುಗಿಸುತ್ತ, ತಲೆಯನ್ನು ಒಂದು ಚೂರು ಬಗ್ಗಿಸುತ್ತಿದ್ದರು. ಆಮೇಲೆ ರೆಪ್ಪೆ ಮುಚ್ಚಿ ತೆರೆಯುತ್ತಿದ್ದರು.

ಮಾವನವರಿಗೆ ಒಂದೆರಡು ದಿನದಲ್ಲಿ ಪ್ರಜ್ಞೆ ತಿಳಿಯಾಯಿತು, ಮಾತು ತೊದಲಿಕೊಂಡು ಬಂತು. ಬಂದ ಮಾತಿನಲ್ಲಿ ಅವರು ಮಾಡಿದ ಮೊದಲ ಕೆಲಸ ಸಾಹೇಬರನ್ನು ಕೆಣಕಿದ್ದು. "ಏನ್ ಸಾಹೇಬ್ರೆ, ನೀರಿಲ್ಲ ನಿಡಿಯಿಲ್ಲ, ಬಿದ್ಕೊಂಡ ಕಡೇಲೇ ದೇವ್ರ ಕೆಲಸಾನಾ?"

ಸಾಹೇಬರು ನಕ್ಕರು. "ಕಾಯಿಲೆಯೋರಿಗೆ ಅವನೇ ಕೊಟ್ಟಿರೋ ರಿಯಾಯ್ತಿ ಗೌಡ್ರೆ. ನೀರು ಆಗದಿದ್ರೆ ಮಣ್ಣು. ನಿಲ್ಲೋಕಾಗದಿದ್ರೆ ಕೂತು, ಕೂರೋಕಾಗದಿದ್ರೆ ಮಲಗಿ. ಅದೂ ಆಗದಿದ್ರೆ ಕಣ್ಣಲ್ಲೇ."

"ನಮ್ಮ ಶಿವನ ಹತ್ರ ರಿಯಾಯ್ತಿ ಗಿಯಾಯ್ತಿ ನಡಿಯಲ್ಲ," ಅಂದರು ಮಾವನವರು. ಅಂದು, ನನ್ನ ಕಡೆ ನೋಡದೆ, ಗೋಡೆಗೆ ಹೇಳಿದರು. "ನೀರು, ವಿಭೂತಿ ತಾ. ಪೂಜೆಗೆ ಕೂರ್ತೀನಿ."

ಕೂರಿಸಿದೆವು. ಬೆನ್ನಿಗೆ ದಿಂಬು ಕೊಟ್ಟೆವು. ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು, ಅದರ ಬೆರಳು ಬಿಡಿಸಿದರು, ಲಿಂಗವನ್ನು ಅಂಗೈ ಮೇಲೆ ಇಟ್ಟರು. ಅರೆಗಳಿಗೆ ಅದು ನಿಂತಿತು ಕೂಡ. ಅವರ ಮುಖದಲ್ಲಿ ಹಳೆಯ ಗತ್ತು ಬಂತು. ನೀರು ಬಿಡಲು ಬಲಗೈ ಎತ್ತಿದ್ದೇ ತಡ, ಆ ಸತ್ತ ಕೈ ತೊಡೆಯಿಂದ ತಿರುಗಿಕೊಂಡು ಜಾರಿತು. ಲಿಂಗ ಮಂಚದ ಕಬ್ಬಿಣಕ್ಕೆ ಟಣ್ ಅಂತ ತಾಗಿ, ನೆಲಕ್ಕೆ ಬಿದ್ದು, ಉರುಳಿಕೊಂಡು ಸಾಹೇಬರ ಮಂಚದ ಕೆಳಗೆ ಹೋಯಿತು.

ಆ ಕಡೆಯಿಂದ ಕಸ ಗುಡಿಸುವ ಹೆಂಗಸು ಫಿನಾಯಿಲ್ ನೀರು ಚೆಲ್ಲಿಕೊಂಡು ಬರುತ್ತಿದ್ದಳು. ಸಾಹೇಬರು ಮಲಗಿದಲ್ಲಿಂದಲೇ ಕೂಗಿದರು. "ಏ ಅಮ್ಮಾ, ಪೊರಕೆ ನಿಲ್ಸು! ಗೌಡ್ರ ದೇವ್ರು ಕೆಳಗಿದಾರೆ!" ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚದ ಕೆಳಗೆ ತೂರಿದೆ. ಆ ಕತ್ತಲಲ್ಲಿ, ಸಾಹೇಬರ ಕಾಲಿಗೆ ಕಟ್ಟಿದ ಭಾರದ ಪಕ್ಕ, ಕಪ್ಪಗೆ, ಪುಟ್ಟದಾಗಿ ಬಿದ್ದಿತ್ತು. ಎತ್ತಿಕೊಂಡೆ. ಎಷ್ಟೋ ತಿಂಗಳ ಮೇಲೆ ನಾನು ಕಣ್ಣು ಬಿಟ್ಟು ನೋಡಿದ ಲಿಂಗ ಅದು, ಅದೂ ಮಾವನವರದು.

ಕೈ ಚಾಚಿ ಕೊಡಲು ಹೋದರೆ ಮಾವನವರು ಮುಖ ತಿರುಗಿಸಿದರು. "ನನಗೆ ಕೊಡಬೇಡ ಅದನ್ನ. ಅವನಾಗೇ ಇಳಿದು ಹೋಗಿದಾನೆ."

ನಿಮ್ಮಲ್ಲಿ ಚಿಕ್ಕವರಿಗೆ ಇದರ ಭಯ ಗೊತ್ತಾಗಲಿಕ್ಕಿಲ್ಲ. ನಮ್ಮ ಹಿಂದಿನವರಲ್ಲಿ ಕೆಲವರಿಗೆ ಮೈಮೇಲಿನ ಲಿಂಗ ಬೇರೆಯಾದರೆ ಪ್ರಾಣ ಬೇರೆಯಾದ ಹಾಗೆಯೇ. ಲಿಂಗ ಕಳೆದುಕೊಂಡವರು ಅನ್ನ ನೀರು ಬಿಟ್ಟು ಹೋದರು ಅನ್ನುವ ಮಾತುಗಳನ್ನು ಮಾವನವರು ಚಿಕ್ಕಂದಿನಿಂದ ಕೇಳಿ ಬೆಳೆದವರು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಗಂಜಿ ತಂದರೆ ತುಟಿ ಬಿಗಿದರು. ನೀರು ಹಾಕಿದರೆ ಕಟವಾಯಿಯಿಂದ ಹೊರಕ್ಕೆ ಹರಿಯಿತು. ನಮ್ಮನೆಯವರು ಕಾಲು ಹಿಡಿದು ಅತ್ತರು. ಆಗಲೂ ಗೋಡೆ. ಮಾರನೇ ದಿನವೂ ಅಷ್ಟೇ. ಡಾಕ್ಟರು ನನ್ನನ್ನು ಆಚೆಗೆ ಕರೆದು, "ಹೀಗೇ ಆದ್ರೆ ಉಳಿಯೋಲ್ಲಮ್ಮ," ಅಂದುಬಿಟ್ಟರು.

ನಮ್ಮನೆಯವರು ಮಠಕ್ಕೆ ಓಡಿ ಅಯ್ಯನವರನ್ನು ಕರೆತಂದು ಬಿಟ್ಟು, ರಜೆ ಸಿಗದೆ ಶಿಫ್ಟಿಗೆ ಭದ್ರಾವತಿಗೆ ಹೋದರು. ಅಯ್ಯನವರು ವಯಸ್ಸಾದವರು, ಮೃದು ಮಾತಿನವರು. ಲಿಂಗವನ್ನು ಶುದ್ಧಿ ಮಾಡಿ, ಮಂತ್ರ ಹೇಳಿ, "ಕಾಯಿಲೆಯಿಂದ ಆದದ್ದು ಗೌಡ್ರೆ, ದೋಷವಿಲ್ಲ, ತಗೊಳ್ಳಿ," ಅಂದರು.

"ಯಾವ ಕೈಲಿ ತಗೊಳ್ಲಿ ಬುದ್ಧಿ?" ಅಂದರು ಮಾವನವರು.

"ಬಲಗೈಲಿ ಇಟ್ಕೊಳ್ಳಿ."

"ಬಲಗೈಲಿ ಇಟ್ಕೊಂಡ್ರೆ ಪೂಜೆ ಯಾವ ಕೈಲಿ ಮಾಡ್ಲಿ?"

"ಮಗ ಹಿಡ್ಕೊಳ್ಲಿ."

"ನನ್ನ ಲಿಂಗ ನನ್ನ ಅಂಗೈಲಿ ಇರಬೇಕು. ಇನ್ನೊಬ್ಬರ ಅಂಗೈಲಿ ಇಡೋ ಹಾಗಿಲ್ಲ ಅಂತ ನನಗೆ ದೀಕ್ಷೆ ಕೊಟ್ಟವರು ಹೇಳಿದಾರೆ. ಹೌದೋ ಅಲ್ವೋ?"

ಅಯ್ಯನವರು ತಲೆಯಾಡಿಸಿದರು. ಹೌದು ಅನ್ನದೆ ವಿಧಿಯಿರಲಿಲ್ಲ. ಮಾವನವರು ಮತ್ತೆ ಗೋಡೆಗೆ ತಿರುಗಿದರು. ಈ ಸಲ ಅವರ ದನಿ ಗೌಡರ ದನಿ ಆಗಿರಲಿಲ್ಲ. "ಎಂಬತ್ತರ ಹತ್ತಿರ ಬಂದೆ, ಒಂದು ದಿನಾನೂ ತಪ್ಪಿಸಲಿಲ್ಲ. ಕಾಲು ತಗೊಂಡಿದ್ರೆ ತೆವಳ್ತಿದ್ದೆ. ಕಣ್ಣು ತಗೊಂಡಿದ್ರೆ ಸರಿ ಅಂತಿದ್ದೆ. ಅವನು ಕೂರೋ ಕೈನೇ ತಗೊಂಡ. ಬೇಡ ಅಂತ ತಾನೇ ಇದರ ಅರ್ಥ?"

ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಈ ಮನುಷ್ಯ ಅಳುವುದನ್ನು ನಾನು ನೋಡಿರಲಿಲ್ಲ, ನನ್ನ ಕೂಸನ್ನು ಒಯ್ಯುವಾಗಲೂ.

ಆಗ ಪಕ್ಕದ ಮಂಚದಿಂದ ಸಾಹೇಬರು ಮಾತಾಡಿದರು. ಯಾರಿಗೂ ಅಲ್ಲ, ಸೂರಿಗೆ ಹೇಳುವ ಹಾಗೆ. "ನನ್ನ ಕುದ್ರೆ ಮುದಿ ಆಗಿತ್ತು ಗೌಡ್ರೆ. ಮಾರೋ ಅಂದ್ರು ಎಲ್ರೂ. ಮನಸ್ಸು ಬರ್ಲಿಲ್ಲ. ಹೊಳೆ ಕಡೆ ಏರು ಬಂತೂ ಅಂದ್ರೆ ಅದಕ್ಕೆ ಉಸಿರು ಹತ್ತೋದು. ನಾನು ಸುಮ್ನೆ ಇಳಿದು, ಹಿಂದೆ ಹೋಗಿ, ಗಾಡಿಗೆ ಭುಜ ಕೊಡ್ತಿದ್ದೆ. ಅದಕ್ಕೆ ಗೊತ್ತೇ ಆಗ್ತಿರ್ಲಿಲ್ಲ. ತಾನೇ ಎಳೆದೆ ಅಂದ್ಕೊಂಡು ಮೇಲೆ ಹೋಗಿ ಕಿವಿ ನೆಟ್ಟಗೆ ಮಾಡ್ಕೊಂಡು ನಿಲ್ಲೋದು. ಒಂದು ಕುದ್ರೆ ಮೇಲೆ ನನಗಿರೋ ರಹಮ್ಮು, ದಯೆ, ನನ್ನ ಮೇಲೆ ಅವನಿಗಿರಲ್ವಾ? ಅಷ್ಟೂ ಇಲ್ದಿದ್ರೆ ಅವನೆಂಥ ಮಾಲೀಕ?"

ಮಾವನವರು ಗೋಡೆಯಿಂದ ಮುಖ ತಿರುಗಿಸಲಿಲ್ಲ. ಆದರೆ ನನ್ನ ಕಣ್ಣ ಮುಂದೆ ಆ ಗಾಡಿ ನಿಂತುಬಿಟ್ಟಿತು. ಮುಂದೆ ಕುದುರೆ, ಹಿಂದೆ ಭುಜ. ಎಳೆಯುವುದು ಕುದುರೆಯೇ, ಆದರೂ ಹಿಂದೆ ಭುಜ. ನಾನು ಎದ್ದೆ. ಏನು ಮಾಡಲು ಹೊರಟಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಭಕ್ತಿಯಿಂದ ಎದ್ದೆ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗುತ್ತೆ. ಸಿಟ್ಟಿನಿಂದ ಎದ್ದೆ.

"ಸಾಕು ಮಾಡಿ ಮಾವ!" ಅಂದೆ. ಅಷ್ಟು ಜೋರಾಗಿ ನನ್ನ ಗಂಟಲು ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ. ಅವರ ಮುಂದೆ ನಾನು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. "ನನ್ನ ಕೂಸು ಹೋದಾಗ ಪೂಜೇಲಿ ಲೋಪ ಆಗಿದೆ ಅಂದ್ರಿ. ನಾನು ಸತ್ತೆನಾ? ಮಾರನೇ ದಿನ ಎದ್ದು ನಿಮಗೆ ರೊಟ್ಟಿ ತಟ್ಟಿದೆ. ಅವನ ಮೇಲೆ ಸಿಟ್ಟು ಇಟ್ಕೊಂಡೇ ದಿನಾ ಅವನ ಮುಂದೆ ಕೂತಿದೀನಿ. ನಿಮಗೆ ಒಂದು ಕೈ ಹೋಗಿದ್ದಕ್ಕೆ ಅನ್ನ ನೀರು ಬಿಡ್ತೀರಾ? ಇಷ್ಟೇನಾ ನಿಮ್ಮ ಶಿವ?"

ಸೆರಗು ಯಾವಾಗಲೋ ತಲೆಯಿಂದ ಬಿದ್ದುಹೋಗಿತ್ತು. ಅಯ್ಯನವರ ಬಾಯಿ ತೆರೆದೇ ಇತ್ತು. ನಾನು ಮಂಚದ ಮೇಲೆಯೇ ಕೂತೆ. ಮಾವನ ಮಂಚದ ಮೇಲೆ ಸೊಸೆ! ಅವರ ಆ ಎಡಗೈಯನ್ನು ಎತ್ತಿ, ನನ್ನ ಎಡ ಅಂಗೈಯನ್ನು ಅದರ ಕೆಳಗೆ ಇಟ್ಟೆ.

"ಲಿಂಗ ನಿಮ್ಮ ಅಂಗೈಲೇ ಇರುತ್ತೆ. ನಿಮ್ಮ ಅಂಗೈ ನನ್ನ ಅಂಗೈ ಮೇಲಿರುತ್ತೆ. ಇದು ಬೇಡ ಅಂತ ಯಾರು ಹೇಳಿದಾರೆ ಈಗ ಹೇಳಿ!"

ಅಯ್ಯನವರು ನನ್ನನ್ನೂ ಮಾವನವರನ್ನೂ ನೋಡಿದರು, ಆಮೇಲೆ ತಾವೇ ಲಿಂಗವನ್ನು ಎತ್ತಿ ಅವರ ಅಂಗೈ ಮೇಲೆ ಇಟ್ಟರು. ಸಾಹೇಬರು ಹೊರಳಿಕೊಳ್ಳುವ ಹಾಗಿರಲಿಲ್ಲವಲ್ಲ, ಮರ್ಯಾದೆಗೆ ಕಣ್ಣು ಮುಚ್ಚಿಕೊಂಡಿದ್ದರು.

ಮಾವನವರ ಭುಜ ನಡುಗುತ್ತಿತ್ತು. ಸತ್ತ ಕೈಯನ್ನು ಭುಜದಿಂದಲೇ ಎತ್ತಿ ಹಿಡಿಯಲು ಹೆಣಗುತ್ತಿದ್ದರು. "ಬಿಗಿ ಮಾಡಬೇಡಿ ಮಾವ," ಅಂದೆ, ಈ ಸಲ ಮೆಲ್ಲಗೆ. "ಬಿಡಿ. ನಾನು ಹಿಡಿದಿದೀನಿ."

ಅವರು ಬಿಟ್ಟರು. ಬಿಟ್ಟ ಕೂಡಲೇ ಆ ಕೈಯ ಪೂರಾ ಭಾರ ನನ್ನ ಅಂಗೈಗೆ ಬಂತು. ಅಬ್ಬಾ, ಏನು ಭಾರ! ಲಿಂಗ ಹೂವಿನಷ್ಟು ಹಗುರ, ಕೈ ಮಾತ್ರ ಅಕ್ಕಿ ಮೂಟೆ. ಬಲಗೈಯಿಂದ ನೀರು ಬಿಟ್ಟರು. ನೀರು ಲಿಂಗದ ಮೇಲಿಂದ ಅವರ ಅಂಗೈಗೆ ಇಳಿದು, ಬೆರಳ ಸಂದಿಯಿಂದ ನನ್ನ ಅಂಗೈಗೆ ಬಂತು. ಮಾವನವರು ತಮ್ಮ ಕೈಯನ್ನೇ ನೋಡುತ್ತಿದ್ದರು. ಅದಕ್ಕೆ ನೀರು ಬಿದ್ದದ್ದು ತಿಳಿದಿರಲಿಲ್ಲ. ಅವರ ಕಣ್ಣಿನಲ್ಲಿ ಮತ್ತೆ ಆ ದಿಗಿಲು ಬಂತು. ನನ್ನ ಕಡೆ ತಿರುಗಿದರು. ಗೋಡೆಯ ಕಡೆಗಲ್ಲ, ನನ್ನ ಕಡೆಗೆ.

"ತಣ್ಣಗಿದೆಯಾ?" ಅಂದರು.

"ತಣ್ಣಗಿದೆ ಮಾವ."

"ಹಂಗಾದ್ರೆ ಸರಿ," ಅಂದರು. ಪೂಜೆ ಮುಂದುವರಿಸಿದರು. ಕಣ್ಣೀರು ಧಾರಾಕಾರ, ಒರೆಸಿಕೊಳ್ಳಲು ಕೈ ಖಾಲಿ ಇಲ್ಲ, ಇಬ್ಬರಿಗೂ. ಮುಗಿದ ಮೇಲೆ ಲಿಂಗವನ್ನು ಕೊರಳಿಗೆ ಕಟ್ಟಿದರು ಅಯ್ಯನವರು. ನಾನು ಕೈ ತೆಗೆಯಲು ಹೋದರೆ ಮಾವನವರು ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. "ನಿನ್ನ ಪೂಜೇಲಿ ಲೋಪ ಇರ್ಲಿಲ್ಲ, ತಾಯಿ. ನನ್ನ ಬಾಯಲ್ಲಿತ್ತು."

ನಾನು ಎದ್ದು ವರಾಂಡಕ್ಕೆ ಓಡಿ, ಕಂಬ ತಬ್ಬಿಕೊಂಡು, ನನ್ನ ಕೂಸಿಗೆ ಅವತ್ತು ಅಳದಿದ್ದದ್ದನ್ನೆಲ್ಲ ಅತ್ತೆ. ಒಳಗೆ ಬಂದು ಗಂಜಿ ಕುಡಿಸಿದೆ. ಎರಡು ಗುಟುಕು ಕುಡಿದು, "ಉಪ್ಪು ಕಮ್ಮಿ," ಅಂದರು. ಅವಾಗ ನನಗೆ ಧೈರ್ಯ ಬಂತು, ಇವರು ಉಳಿಯುತ್ತಾರೆ ಅಂತ. ಸಾಹೇಬರು ಮಲಗಿದಲ್ಲಿಂದಲೇ, "ಏರು ಹತ್ತಿದ್ರಲ್ಲ ಗೌಡ್ರೆ," ಅಂದರು. ಮಾವನವರು ಅವರ ಇಟ್ಟಿಗೆಯ ಕಡೆ ನೋಡಿ, "ಮೊನ್ನೆ ಅಂದದ್ದು ಮನಸ್ಸಲ್ಲಿ ಇಟ್ಕೋಬೇಡಿ," ಅಂದರು.

ನ್ಯೂ ಟೌನಿಗೆ ವಾಪಸು ಬಂದ ಮೇಲೆ ಅದೇ ನಮ್ಮ ಬೆಳಗಿನ ಕೆಲಸವಾಯಿತು. ಕಾರ್ಖಾನೆಯ ಕೂಗು ಹೊಡೆಯುವ ಹೊತ್ತಿಗೆ ನಾನು ಸ್ನಾನ ಮಾಡಿ ಅವರ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಮನೆಯಲ್ಲಿ ಇದ್ದ ದಿನ ನಮ್ಮನೆಯವರು, "ನಾನು ಹಿಡೀತೀನಿ ಇವತ್ತು," ಅಂದರೆ, "ನಿನ್ನ ಕೈ ಗಟ್ಟಿ ಕಣೋ, ಕಬ್ಬಿಣ ಹಿಡ್ದಂಗೆ ಹಿಡೀತೀಯ," ಅನ್ನುತ್ತಿದ್ದರು ಮಾವನವರು. ನಲ್ಲಿ ಕಟ್ಟೆಯಲ್ಲಿ ಹೆಂಗಸರು ಗುಸುಗುಸು ಅಂದರು, ಮಾವನ ಕೈ ಹಿಡಿದು ಕೂರ್ತಾಳಂತೆ ಅಂತ. ಅನ್ನಲಿ ಅಂದುಕೊಂಡೆ. ನಾಚಿಕೆಯೇನೋ ಆಗುತ್ತಿತ್ತು, ಆದರೆ ನಾಚಿಕೆಗೆ ಕೂತುಕೊಳ್ಳಲು ನನ್ನ ಹತ್ತಿರ ಸಮಯ ಇರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ನನ್ನ ಪೂಜೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡು ಪಾರಾಗುತ್ತಿದ್ದೆ. ಅವರ ಪೂಜೆಯಲ್ಲಿ ಕಣ್ಣು ಮುಚ್ಚುವ ಹಾಗಿರಲಿಲ್ಲ. ಮುಚ್ಚಿದರೆ ಕೈ ವಾಲುತ್ತೆ, ಲಿಂಗ ಬೀಳುತ್ತೆ. ಹಾಗಾಗಿ ದಿನಾ ನೋಡಲೇಬೇಕಾಯಿತು. ಮೊದಮೊದಲು ಸಿಟ್ಟಿನಿಂದ ನೋಡಿದೆ. ನನ್ನ ಕೂಸು ಎಲ್ಲಿ ಅಂತ ಕೇಳಿದೆ. ಅವನು ಉತ್ತರ ಕೊಡಲಿಲ್ಲ, ಇವತ್ತಿಗೂ ಕೊಟ್ಟಿಲ್ಲ. ಆದರೆ ಹಾಗೆ ಕೇಳುತ್ತ ಕೇಳುತ್ತ ಮಾತು ಬಿಟ್ಟದ್ದು ಹೋಗಿ ಮಾತು ಶುರುವಾಗಿತ್ತು ಅಂತ ನನಗೆ ಬಹಳ ತಡವಾಗಿ ಹೊಳೆಯಿತು. ಜಗಳವೂ ಮಾತೇ ತಾನೆ? ಅದರ ಮಧ್ಯೆ ಮಾವನವರು ನೀರು ಬಿಡುತ್ತಿದ್ದರು, ತಪ್ಪದೆ ಕೇಳುತ್ತಿದ್ದರು. "ತಣ್ಣಗಿದೆಯಾ?" "ತಣ್ಣಗಿದೆ ಮಾವ." "ಹಂಗಾದ್ರೆ ಸರಿ." ಬೇಸಿಗೆಯಲ್ಲಿ ತೊಟ್ಟಿಯ ನೀರು ಬೆಚ್ಚಗಿರುತ್ತಿತ್ತು. ಆಗಲೂ ತಣ್ಣಗಿದೆ ಅನ್ನುತ್ತಿದ್ದೆ. ದೇವರು ಆ ಸುಳ್ಳನ್ನು ಹೊಟ್ಟೆಗೆ ಹಾಕಿಕೊಂಡಿರುತ್ತಾನೆ ಬಿಡಿ.

ಅವರು ಆಮೇಲೆ ಯಾವ ಕಾಯಿಲೆಯವರ ಮನೆಗೂ ಹೋಗಿ ಲೋಪದ ಮಾತು ಎತ್ತಲಿಲ್ಲ. ಚಿಮಣಿಯನ್ನು ಬೈಯುವುದು ಮಾತ್ರ ಬಿಡಲಿಲ್ಲ, ಕಿಟಕಿಯ ಹತ್ತಿರ ಮಂಚ ಹಾಕಿಸಿಕೊಂಡು ತೊದಲುತ್ತಲೇ ಬೈಯುತ್ತಿದ್ದರು. ನನ್ನ ಮಗ ಹುಟ್ಟಿ ಅಂಬೆಗಾಲಿಡುವ ಕಾಲಕ್ಕೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಮ್ಮಲ್ಲಿ ಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟೇ ಸಮಾಧಿ ಮಾಡುವುದು. ಅಂಗಳದಲ್ಲಿ ಅವರನ್ನು ಹಾಗೆ ಕೂರಿಸಿದ್ದರು. ಅದೇ ಅಯ್ಯನವರು ಬಂದಿದ್ದರು. ಅವರು ಲಿಂಗವನ್ನು ಆ ಅಂಗೈ ಹತ್ತಿರ ತಂದ ಕೂಡಲೇ, ಅಷ್ಟು ಜನರ ಮುಂದೆ, ನನ್ನ ಕೈ ತಾನಾಗೇ ಮುಂದೆ ಹೋಗಿ ಅವರ ಕೈ ಕೆಳಗೆ ನಿಂತಿತು. ಅಯ್ಯನವರು ನನ್ನ ಮುಖ ನೋಡಿದರು. "ಇನ್ನು ಬೇಡ ತಾಯಿ," ಅಂದರು. "ಇನ್ನು ಬೀಳಲ್ಲ." ನನಗೆ ಕೈ ತೆಗೆಯೋಕೆ ಆಗಲಿಲ್ಲ. ಯಾರೋ ಬಂದು ತೆಗೆದರು.

ಆ ಕೈಯೇ ಹೋದ ಸೋಮವಾರ ಬೆಳಿಗ್ಗೆ ನನ್ನ ಮಡಿಲಲ್ಲಿ ಬೆರಳು ಬಾಗಿಸಿಕೊಂಡು ಬಿದ್ದಿದ್ದದ್ದು. ಮಾವನವರ ಅಷ್ಟು ಭಾರ ಹೊತ್ತ ಕೈ. ನನಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಹೇಳಲು ನಗು ಬರುತ್ತೆ. ನಾನೇನು ಲೋಪ ಮಾಡಿದೆ ಅಂತ! ಅಷ್ಟೆಲ್ಲ ಕಂಡ ಮೇಲೂ, ಇಷ್ಟು ವಯಸ್ಸಾದ ಮೇಲೂ, ಅದೇ ಹಳೆಯ ಲೆಕ್ಕ, ಅದೇ ದಿಗಿಲು. ನನಗ್ಯಾಕೆ, ಅದೂ ಎಡಗೈಯೇ ಯಾಕೆ, ನಾಳೆಯಿಂದ ಲಿಂಗ ಎಲ್ಲಿಟ್ಟುಕೊಳ್ಳಲಿ ಅಂತ.

ಸುಮಾ ಬಂದವಳೇ ನನ್ನನ್ನು ಎಬ್ಬಿಸಿ, ನಡೆಸಿಕೊಂಡು ಬಚ್ಚಲ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. "ಕೈ ಸುಟ್ಟಿದೆ ಅತ್ತೆ, ಕೆಂಪಗಾಗಿದೆ ನೋಡಿ, ನಿಮಗೆ ಗೊತ್ತಾಗ್ತಿಲ್ವಾ?" ಅನ್ನುತ್ತ ನಲ್ಲಿ ಬಿಟ್ಟಳು. ಈ ಕಥೆಯನ್ನು ನಾನು ಅವಳಿಗೆ ಯಾವತ್ತೂ ಹೇಳಿದವಳಲ್ಲ, ನನ್ನ ಮಗನಿಗೂ ಹೇಳಿಲ್ಲ. ನಾನು ಭುಜ ಬಿಗಿ ಮಾಡಿ ಆ ಕೈಯನ್ನು ನೀರಿನ ಕೆಳಗೆ ಎತ್ತಿ ಹಿಡಿಯಲು ಒದ್ದಾಡುತ್ತಿದ್ದೆ. ಅವಳು ತನ್ನ ಅಂಗೈಯನ್ನು ನನ್ನ ಅಂಗೈಯ ಕೆಳಗೆ ತಂದು ಇಟ್ಟಳು.

"ಯಾಕಷ್ಟು ಬಿಗಿ ಮಾಡ್ತೀರ? ಬಿಡಿ ಅತ್ತೆ, ನಾನು ಹಿಡಿದಿದೀನಿ."

ನಾನು ಅವಳ ಮುಖ ನೋಡಿದೆ. ಭುಜ ಸಡಿಲ ಬಿಟ್ಟೆ. ನೀರು ನನ್ನ ಅಂಗೈ ತುಂಬಿ, ಬೆರಳ ಸಂದಿಯಿಂದ ಅವಳ ಕೈಗೆ ಇಳಿಯುತ್ತಿತ್ತು. ನನಗೆ ಒಂದು ಹನಿಯೂ ತಿಳಿಯಲಿಲ್ಲ.

"ತಣ್ಣಗಿದೆಯಾ?" ಅಂತ ಕೇಳಿದೆ.

ಅವಳು ಅಳುತ್ತಿದ್ದಳು. "ತಣ್ಣಗಿದೆ ಅತ್ತೆ," ಅಂದಳು.

"ಹಂಗಾದ್ರೆ ಸರಿ," ಅಂದೆ.